ಮೂವತ್ತೈದೂವರೆಯ ಮರದ ತಲೆ

ಟೋಪಿಯಣ್ಣ ತನ್ನ ಜನ್ಮದಲ್ಲಿ ಯಾರಿಗೂ ಟೋಪಿ ಹಾಕಿದವನಲ್ಲ, ಹೊಲಿದು ಕೊಟ್ಟವನು ಅಷ್ಟೇ. ಈ ಹಳಸಲು ಜೋಕನ್ನು ಅವನ ಬೀದಿಯವರೆಲ್ಲ ಹೇಳಿ ಹೇಳಿ ಸವೆಸಿದ್ದಾರೆ. ನಾವೂ ಶುರುವಿಗೇ ಒಂದು ಸಲ ಹೇಳಿ ಕೈತೊಳೆದುಕೊಂಡುಬಿಡೋಣ. ಬೀಗ ರಿಪೇರಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಅವನ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವನು ಬೀದಿಯಲ್ಲೇ ಕಾಯಬೇಕು. ಒಂದು ಹೊಲಿಗೆ ಮೆಷಿನ್ನು, ಒಂದು ಭಾರದ ಇಸ್ತ್ರಿಪೆಟ್ಟಿಗೆ, ಸದಾ ಹಬೆಯಾಡುವ ಒಂದು ಕೆಟಲ್ಲು. ಕಾವಲುಗಾರರು, ಬ್ಯಾಂಡಿನವರು, ಬೆಂಕಿ ಆರಿಸುವ ಇಲಾಖೆಯವರು, ಹೀಗೆ ತಲೆಯ ಮೇಲೆ ಏನಾದರೊಂದು ಇರಲೇಬೇಕಾದ ನೌಕರಿಯವರೆಲ್ಲ ಅವನ ಗಿರಾಕಿಗಳು.

ಗೋಡೆಯ ತುಂಬ ಹಲಗೆ, ಹಲಗೆಯ ತುಂಬ ಮರದ ತಲೆಗಳು. ಕಣ್ಣಿಲ್ಲ, ಮೂಗಿಲ್ಲ, ಬರೀ ಬೋಳು ಅಚ್ಚುಗಳು. ಹೊಲಿದ ಟೋಪಿಯನ್ನು ಅಚ್ಚಿಗೆ ತೊಡಿಸಿ, ಹಬೆ ಹಿಡಿದು, ಮೇಲೆ ಇಸ್ತ್ರಿ ಎಳೆದರೆ ಆಗ ಅದಕ್ಕೊಂದು ರೂಪ. "ತಲೆ ಬಗ್ಗಲ್ಲ ಕಣೋ, ಬಟ್ಟೆ ಬಗ್ಗಬೇಕು. ಅಷ್ಟು ತಿಳ್ಕೊಂಡ್ರೆ ಈ ಕಸುಬಲ್ಲಿ ಹೊಟ್ಟೆಗೆ ಮೋಸ ಇಲ್ಲ" ಎಂದು ಅವನಪ್ಪ ಹೇಳಿಕೊಟ್ಟಿದ್ದ. ಟೋಪಿಯಣ್ಣ ಅದನ್ನು ವೇದವಾಕ್ಯ ಮಾಡಿಕೊಂಡು ಕೂತವನು. ಬೀದಿಯಲ್ಲಿ ಹೋಗುವವರ ತಲೆ ನೋಡಿದರೆ ಸಾಕು, ಸುತ್ತಳತೆ ಎಷ್ಟು ಸೆಂಟಿಮೀಟರೆಂದು ಹೇಳಲು ಟೇಪು ಬೇಕಿಲ್ಲ. "ಅಗೋ, ಐವತ್ತೇಳು ಹೋಯ್ತು. ಅದರ ಹಿಂದೆ ಐವತ್ತೈದು" ಎನ್ನುವನು. ಪಕ್ಕದ ಬೀಗದವನು ಅನುಮಾನಪಟ್ಟು ಎಷ್ಟೋ ಜನರನ್ನು ನಿಲ್ಲಿಸಿ ಅಳೆಸಿ ನೋಡಿದ್ದ; ಪ್ರತಿ ಸಲವೂ ಸೋತು ಚಹಾ ಕುಡಿಸಿದ್ದ.

ಅವನದೇ ತಲೆ ಅರವತ್ತಮೂರು. ಅವನ ಮನೆತನದ ತಲೆಯೇ ದೊಡ್ಡದು. ಒಳಗೆ ಏನಿದೆಯೆಂಬ ಮಾತು ನಮಗೆ ಬೇಡ. ಆ ತಲೆ ಮಗಳಿಗೂ ಬಂತು. ಅವಳನ್ನು ಹೆರುವಾಗ ಹೆಂಡತಿ ಪಟ್ಟ ಪಾಡು ಆ ಮನೆಯಲ್ಲಿ ನಗೆಯ ಕತೆಯಾಗಿ ಉಳಿದಿತ್ತು. "ನಿಮ್ಮಪ್ಪನ ಮನೆ ತಲೆ ಕಣೇ ಅದು. ಬರಲೋ ಬೇಡವೋ ಅಂತ ಎರಡು ದಿನ ಒಳಗೇ ಕೂತು ಯೋಚನೆ ಮಾಡ್ತು. ಕೊನೆಗೆ ಇಕ್ಕಳ ಹಾಕಿ ಎಳೆದ್ರು" ಎಂದು ಹೆಂಡತಿ ಹೇಳಿದಾಗೆಲ್ಲ ಮಗಳು ಬಿದ್ದು ಬಿದ್ದು ನಗುವಳು. ಟೋಪಿಯಣ್ಣನೂ ನಗುವನು. ಆದರೆ ಆ ಎರಡು ದಿನ ಆಸ್ಪತ್ರೆಯ ಗೋಡೆಗೆ ಹಣೆ ಒತ್ತಿ ನಿಂತವನು ಅವನು. ನಗು ಮುಗಿದ ಮೇಲೆ ಮೆಲ್ಲಗೆ ಹಣೆ ಸವರಿಕೊಳ್ಳುವನು. ಹೇಳಿಕೊಳ್ಳುವ ಸಂಕಟವಲ್ಲ ಅದು. ಹೆತ್ತವಳೇ ನಗುತ್ತಿರುವಾಗ ಹೊರಗೆ ನಿಂತಿದ್ದವನು ಅತ್ತರೆ ಯಾರು ಕೇಳುತ್ತಾರೆ?

ಪ್ರೀತಿಯ ತಲೆಗಳಿಗೆ ಅವನು ಹೊಸ ಅಚ್ಚೇ ಮಾಡುತ್ತಿದ್ದ. ಗಿರಾಕಿಗಳಿಗೆ ಸಿದ್ಧ ಅಳತೆ. ಮನೆಯವರಿಗೆ ಅವರದೇ ತಲೆ. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಮಗಳ ತಲೆಗಳ ಸಾಲಿತ್ತು: ನಡೆಯಲು ಕಲಿತಾಗಿನದು, ಶಾಲೆ ಸೇರಿದಾಗಿನದು, ಮೈನೆರೆದಾಗಿನದು, ಮದುವೆಯ ಹೊತ್ತಿನ ಅರವತ್ತು. ಆ ಸಾಲಿನ ಮೊದಲಲ್ಲಿ ಒಂದು ತಲೆಯಷ್ಟು ಜಾಗ ಖಾಲಿ. ಹುಟ್ಟಿದಾಗಿನ ತಲೆಗೆ ಅಚ್ಚು ಮಾಡುವಷ್ಟು ಧೈರ್ಯ ಆಗ ಅವನ ಕೈಯಲ್ಲಿ ಉಳಿದಿರಲಿಲ್ಲ.

ಮಗಳು ಆ ಅಂಗಡಿಯ ಮೇಜಿನ ಕೆಳಗೇ ಬೆಳೆದವಳು. ತಪ್ಪಿ ಹೊಲಿದ ಹೊಲಿಗೆ ಬಿಚ್ಚುವುದು ಅವಳ ಕೆಲಸ. ಕತ್ತಲಲ್ಲಿ ಬೆರಳಾಡಿಸಿ ಹಳೇ ಹೊಲಿಗೆ ಯಾವುದು, ಹೊಸದು ಯಾವುದು ಎಂದು ಹೇಳುವಳು. ಅವಳ ಬಾಯಲ್ಲಿ ಸದಾ ಒಂದೇ ಮಾತು: "ನನ್ನ ಕೈಲಾಗುತ್ತೆ." ಬಟ್ಟೆಯ ಥಾನು ಹೊರುವಾಗಲೂ ಅದೇ, ಮುಂದೆ ಶಾಲಾ ವ್ಯಾನು ಓಡಿಸಲು ಹೊರಟಾಗಲೂ ಅದೇ. ನಡುದಾರಿಯಲ್ಲಿ ಚಕ್ರ ಪಂಕ್ಚರಾದರೆ ಇಳಿದು ತಾನೇ ಬದಲಾಯಿಸುವಳು. ಸಹಾಯಕ್ಕೆ ಬಂದ ಗಂಡಸರು ಕೈಕಟ್ಟಿ ನೋಡುತ್ತ ನಿಲ್ಲಬೇಕು.

ಅಳಿಯನನ್ನು ಅವಳೇ ಆರಿಸಿಕೊಂಡಳು. ಬೆಂಕಿ ಆರಿಸುವ ಇಲಾಖೆಗೆ ಹೊಸದಾಗಿ ಸೇರಿ ಟೋಪಿಗೆ ಅಳತೆ ಕೊಡಲು ಬಂದಿದ್ದ ಹುಡುಗ. ಟೇಪು ಹಿಡಿದವಳು "ಐವತ್ತಮೂರು! ಇಷ್ಟರಲ್ಲಿ ಎಲ್ಲಾ ಸಾಮಾನೂ ಹಿಡಿಸಿದೆಯಾ?" ಎಂದು ಕೇಳಿದ್ದಳು. ಆಮೇಲೆ ಅವನ ಟೋಪಿಗೆ ವಾರಕ್ಕೊಂದು ರಿಪೇರಿ ಬರತೊಡಗಿತು. ಮದುವೆಯ ಮಾತು ಬಂದಾಗ ಹೆಂಡತಿ ಹುಡುಗನ ನೌಕರಿ, ಮನೆ, ನಡತೆ ಎಲ್ಲ ವಿಚಾರಿಸಿದಳು. ಟೋಪಿಯಣ್ಣ ಹುಡುಗನ ತಲೆಯನ್ನೇ ದಿಟ್ಟಿಸಿ ನೋಡಿ, "ಆಗಲಿ, ಒಳ್ಳೇ ಸಂಬಂಧ" ಎಂದುಬಿಟ್ಟ. ಅರವತ್ತಕ್ಕೂ ಐವತ್ತಮೂರಕ್ಕೂ ಹುಟ್ಟುವ ಮಗು ನಡುವೆಲ್ಲೋ ಬಂದು ನಿಲ್ಲುತ್ತದೆ, ಮಗಳಿಗೆ ತಾಯಿಯ ಪಾಡು ತಪ್ಪುತ್ತದೆ ಎಂಬ ಅವನ ಲೆಕ್ಕಾಚಾರ ಅವನಿಗೊಬ್ಬನಿಗೇ ಗೊತ್ತಿತ್ತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮಗಳಿಗೆ ದಿನ ತುಂಬುವ ಹೊತ್ತಿಗೆ ಸ್ಕ್ಯಾನಿಗೆಂದು ಕರೆದುಕೊಂಡು ಹೋಗಿದ್ದವನು ಅವನೇ. ಅಳಿಯನಿಗೆ ಡ್ಯೂಟಿ. ಪುಟ್ಟ ಕೋಣೆ, ಪಕ್ಕದಲ್ಲಿ ಪರದೆ, ಮೇಜಿನ ಮೇಲೆ ತೂಕದ ಯಂತ್ರ. ಡಾಕ್ಟರಮ್ಮ ಕನ್ನಡಕ ಮೇಲಕ್ಕೆ ಸರಿಸಿ ಹೇಳಿದಳು.

"ಮಗು ಚೆನ್ನಾಗಿದೆ. ತಲೆ ಸ್ವಲ್ಪ ದೊಡ್ಡದು ಅನ್ಸುತ್ತೆ. ಸುತ್ತಳತೆ ಮೂವತ್ತೈದೂವರೆ ತೋರಿಸ್ತಿದೆ."

"ಮೂವತ್ತೈದೂವರೆ" ಎಂದ ಟೋಪಿಯಣ್ಣ.

"ತಲೆ ದೊಡ್ಡದಿದ್ರೆ ಆಪರೇಷನ್ ಆಗೋ ಸಾಧ್ಯತೆ ಬೇರೆಯವರಿಗಿಂತ ಒಂದಿಷ್ಟು ಜಾಸ್ತಿ. ಹಾಗಂತ ಅದೇ ಆಗುತ್ತೆ ಅಂತಲ್ಲ. ಸ್ಕ್ಯಾನ್ ಅಳತೆ ಅಂದಾಜು, ಹೆಚ್ಚುಕಮ್ಮಿ ಇರುತ್ತೆ. ಮಗೂದು ತಲೆ ಮೂಳೆ ಇನ್ನೂ ಒಂದಕ್ಕೊಂದು ಕೂಡಿರಲ್ಲ, ಬರುವಾಗ ಒಂದರ ಮೇಲೊಂದು ಜರುಗಿ ದಾರಿ ಮಾಡ್ಕೊಳ್ಳುತ್ತೆ. ಮಗು ಹೇಗೆ ತಿರುಗಿ ಕೂತಿದೆ, ನೋವು ಹೇಗೆ ಬರುತ್ತೆ, ಎಲ್ಲಾ ನೋಡ್ಬೇಕು. ಈಗ್ಲೇ ಏನೂ ತೀರ್ಮಾನ ಬೇಡ. ನೋವು ಬರ್ಲಿ, ಪ್ರಯತ್ನ ಮಾಡೋಣ."

"ನನ್ನ ಕೈಲಾಗುತ್ತೆ ಡಾಕ್ಟ್ರೇ" ಎಂದಳು ಮಗಳು.

ಡಾಕ್ಟರಮ್ಮ ಆಡಿದ ಇಷ್ಟು ಮಾತಿನಲ್ಲಿ ಟೋಪಿಯಣ್ಣನ ಕಿವಿಗೆ ಬಿದ್ದದ್ದು ಒಂದು ಅಂಕಿ. ಉಳಿದದ್ದೆಲ್ಲ ಗಾಳಿಗೆ ಹೋಯಿತು. ಮನುಷ್ಯನಿಗೆ ಯಾವ ಕಸುಬು ಅನ್ನ ಹಾಕುತ್ತದೋ ಅದೇ ಕಸುಬು ಕಿವಿಗೆ ಹತ್ತಿಯನ್ನೂ ತುರುಕುತ್ತದೆ.

ಮಾರನೆಯ ದಿನ ಅಂಗಡಿಗೆ ಹೋದವನು ಒಪ್ಪಿಕೊಂಡ ಕೆಲಸವನ್ನೆಲ್ಲ ಬದಿಗಿಟ್ಟ. ಚಿಕ್ಕ ಮಕ್ಕಳ ಒಂದು ಹಳೇ ಅಚ್ಚನ್ನು ಕೆಳಗಿಳಿಸಿ ಅರದಿಂದ ಉಜ್ಜತೊಡಗಿದ. ಉಜ್ಜುವುದು, ಟೇಪು ಸುತ್ತುವುದು, ಮತ್ತೆ ಉಜ್ಜುವುದು. ಯಾಕೆ ಮಾಡುತ್ತಿದ್ದೀಯ ಎಂದು ಯಾರಾದರೂ ಕೇಳಿದ್ದರೆ, ಮೊಮ್ಮಗುವಿನ ಮೊದಲ ಟೋಪಿಗೆ ಎಂದು ಹೇಳುತ್ತಿದ್ದ. ಅದು ನಿಜವೂ ಹೌದು. ಅಂಕಿಯೊಂದು ತಲೆಯೊಳಗೆ ಹೊಕ್ಕು ಕೊರೆಯುವಾಗ ಅದನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿಯದೆ ಅವನಿಗೆ ಸಮಾಧಾನವಿರಲಿಲ್ಲ, ಅದೂ ನಿಜ. ಸಂಜೆ ಹೊತ್ತಿಗೆ ಮೂವತ್ತೈದೂವರೆಯ ಅಚ್ಚು ನುಣ್ಣಗೆ ಸಿದ್ಧವಾಯಿತು. ಅಂಗೈ ಮೇಲಿಟ್ಟುಕೊಂಡು ನೋಡಿದ. ಹೆಂಡತಿಯ ಎರಡು ದಿನ ನೆನಪಾಯಿತು.

ಮಗಳು ಆ ದಿನಗಳಲ್ಲಿ ತವರಿನಲ್ಲೇ ಇದ್ದಳು. ಡಾಕ್ಟರಮ್ಮ ನಡೆಯಲು ಹೇಳಿದ್ದರಿಂದ ದಿನವೂ ಅಂಗಡಿಯವರೆಗೆ ಬಂದು ಹೋಗುವಳು. ಮರುದಿನ ಮಧ್ಯಾಹ್ನವೂ ಬಂದಳು. ಟೋಪಿಯಣ್ಣ ಬೆನ್ನು ತಿರುಗಿಸಿ ತಿಳಿಹಳದಿ ಬಟ್ಟೆಯನ್ನು ಆರು ಹೋಳುಗಳಾಗಿ ಕತ್ತರಿಸುತ್ತಿದ್ದ.

"ಅಪ್ಪ, ಇದು ಯಾರ ತಲೆ?"

ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಯಾರೋ ಗಿರಾಕಿಯ ಮಗುವಿನದು ಎಂದರೆ ಮುಗಿಯುತ್ತಿತ್ತು. ಆದರೆ ಅಳತೆಯ ವಿಷಯದಲ್ಲಿ ಸುಳ್ಳು ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ.

"ನಿನ್ನ ಮಗೂದೇ ಕಣಮ್ಮ. ಮೂವತ್ತೈದೂವರೆ. ಸಾಲಲ್ಲಿ ಮೊದಲನೇದು ಖಾಲಿ ಇತ್ತಲ್ಲ" ಎಂದ, ಕತ್ತರಿಯಿಂದ ಕಣ್ಣು ತೆಗೆಯದೆ.

ತಿರುಗಿ ನೋಡಿದರೆ ಮಗಳು ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಬೆರಳುಗಳಿಂದ ಸುತ್ತ ಹಿಡಿದಳು. ಬೆರಳುಗಳು ಒಂದನ್ನೊಂದು ಮುಟ್ಟಲಿಲ್ಲ. ಮೆಲ್ಲಗೆ ಅದುಮಿದಳು. ಮರ, ಅದುಮಿದರೆ ಏನಾಗುತ್ತದೆ? ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, "ಇಷ್ಟಾ?" ಎಂದಳು.

"ಅದು... ಅಂದಾಜು ಕಣಮ್ಮ. ಹೆಚ್ಚುಕಮ್ಮಿ ಇರಬಹುದು."

"ಹೂಂ" ಎಂದು ಮಗಳು ಮನೆಗೆ ಹೊರಟಳು. ಎಂದಿನಂತೆ ಬೀಗದವನನ್ನು ಮಾತಾಡಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟೋಪಿಯಣ್ಣ ಕತ್ತರಿ ಹಿಡಿದು ಬಾಗಿಲಲ್ಲೇ ನಿಂತ. ಅಂದಿನಿಂದ ಮನೆಯಲ್ಲಿ "ನನ್ನ ಕೈಲಾಗುತ್ತೆ" ಎಂಬ ಮಾತು ಕೇಳಿಸಲಿಲ್ಲ. "ಯಾಕೋ ಇವಳು ಮಂಕಾಗಿದಾಳೆ ಕಣ್ರೀ" ಎಂದು ಹೆಂಡತಿ ಅಂದರೆ, "ದಿನ ತುಂಬಿದೆಯಲ್ಲ, ಅದಕ್ಕೆ" ಎಂದು ಜಾರಿಕೊಂಡ.

ನೋವು ಶುರುವಾದದ್ದು ಒಂದು ಬೆಳಗಿನ ತಿಂಡಿಯ ಹೊತ್ತಿಗೆ. ಹೆರಿಗೆ ಕೋಣೆಗೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ಹೆಂಡತಿ ಒಳಗೆ ಹೋದಳು. ಹೊರಗಿನ ಉದ್ದ ಬೆಂಚಿನ ಮೇಲೆ ಮಾವ, ಅಳಿಯ. ಉರಿಯುವ ಮನೆಯೊಳಗೆ ನುಗ್ಗಿ ಜನರನ್ನು ಹೊತ್ತು ತಂದವನು ಅಳಿಯ. ಈಗ ಒಂದು ಬಿಳಿ ಬಾಗಿಲಿನ ಮುಂದೆ ಟೋಪಿಯನ್ನು ಮಡಿಚಿ ಬಿಡಿಸಿ ಮಾಡುತ್ತ ಕೂತಿದ್ದ.

"ಮಾವ, ಎಷ್ಟೊತ್ತು ಆಗುತ್ತೆ ಇದು?"

"ನನಗೇನು ಗೊತ್ತಪ್ಪ. ನಾನೂ ಇಂಥ ಬೆಂಚಿನ ಮೇಲೇ ಅಪ್ಪ ಆದವನು."

ಹೊತ್ತು ನೆತ್ತಿಗೆ ಬಂತು, ಇಳಿಯಿತು. ಆಗಾಗ ಬಾಗಿಲು ತೆರೆದಾಗ ಒಳಗಿನ ಕೂಗು ಕೇಳಿ ಇಬ್ಬರೂ ನೆಟ್ಟಗಾಗುವರು, ಬಾಗಿಲು ಮುಚ್ಚಿದಾಗ ಮತ್ತೆ ಕುಸಿಯುವರು. ಒಮ್ಮೆ ಬಾಗಿಲು ಪೂರ್ತಿ ಮುಚ್ಚುವ ಮೊದಲು ಮಗಳ ಮಾತು ಸ್ಪಷ್ಟವಾಗಿ ಹೊರಗೆ ಬಂತು: "ನನ್ನ ಕೈಲಾಗಲ್ಲ. ಕೊಯ್ದುಬಿಡಿ. ನನ್ನ ಕೈಲಾಗಲ್ಲ!"

ಆ ಬಾಯಿಂದ ಆ ಮಾತನ್ನು ಟೋಪಿಯಣ್ಣ ಹಿಂದೆಂದೂ ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸಮ್ಮ ಹೊರಗೆ ಬಂದಳು. ಗಟ್ಟಿ ದನಿಯ, ಅಗಲ ಭುಜದ ಹೆಂಗಸು.

"ಏನ್ರೀ, ಯಾರು ಆ ಹುಡುಗಿಗೆ ಮರದ ತಲೆ ತೋರಿಸಿದ್ದು? ನೋವು ಬಂದಾಗೆಲ್ಲ ಮುಕ್ಕೋದು ಬಿಟ್ಟು ಬಿಗಿಹಿಡ್ಕೊಂಡು ಕೂರ್ತಾಳೆ. ಮರದ್ದು, ಮರದ್ದು, ಅದು ಬರಲ್ಲ ಅಂತಾಳೆ."

ಅಳಿಯ ಏನೂ ಅರ್ಥವಾಗದೆ ಮಾವನ ಮುಖ ನೋಡಿದ. ಟೋಪಿಯಣ್ಣ ಎದ್ದು ನಿಂತ, ಮೇಷ್ಟರ ಮುಂದೆ ನಿಂತ ಹಾಗೆ.

"ನಾನೇ ತೋರಿಸಿದ್ದು, ತಾಯಿ. ಟೋಪಿಗೆ ಅಂತ ಮಾಡಿದ್ದೆ."

ಆ ಗಳಿಗೆಯಲ್ಲಿ ಅವನಿಗೆ ಡಾಕ್ಟರಮ್ಮ ಅಂದು ಹೇಳಿದ ಮಾತು ನೆನಪಿಗೆ ಬಂತು, ಇಷ್ಟು ದಿನ ಎಲ್ಲಿತ್ತೋ. ಮೂಳೆ ಇನ್ನೂ ಕೂಡಿರುವುದಿಲ್ಲ. ಅಯ್ಯೋ, ಅದು ಅಚ್ಚಲ್ಲ! ಹೊಲಿಗೆ ಬೀಳದ ಟೋಪಿ ಅದು. ಆರು ಹೋಳುಗಳನ್ನು ಹೊಲಿಯುವ ಮುಂಚೆ ಒಂದರ ಮೇಲೊಂದು ಜರುಗಿಸಿದರೆ ಮುಷ್ಟಿಯಲ್ಲಿ ಹಿಡಿಯುತ್ತವಲ್ಲ! ಜೀವಮಾನವಿಡೀ ಅದನ್ನೇ ಕೈಯಲ್ಲಿ ಹಿಡಿದವನಿಗೆ ಅದು ಹೊಳೆಯಲಿಲ್ಲ. ಹೋಗಿ ಹೋಗಿ ಮರ ಉಜ್ಜಿದ.

"ತಾಯಿ, ಅವಳಿಗೆ ಒಂದು ಮಾತು ಹೇಳಿ. ಅಪ್ಪ ಹೇಳಿದ ಅನ್ನಿ. ಅದು ಮರ ಅಲ್ಲ, ಹೊಲಿಯದೇ ಇರೋ ಹೋಳು ಅನ್ನಿ. ಜರುಗುತ್ತೆ ಅನ್ನಿ. ಅವಳಿಗೆ ಗೊತ್ತಾಗುತ್ತೆ."

ನರ್ಸಮ್ಮನಿಗೆ ಗೊತ್ತಾಗಲಿಲ್ಲ, ಆದರೂ ಹೇಳುತ್ತೇನೆಂದು ಹೋದಳು. ಆ ನಾಲ್ಕು ಹೆಜ್ಜೆಯ ಆಚೆ, ಆ ಬಾಗಿಲ ಹಿಂದೆ ಅವನ ಮಗಳಿದ್ದಳು. ಹೋಗಿ ತಲೆ ಸವರಿ ಹೇಳುವಂತಿಲ್ಲ. ಮತ್ತೆ ಬಾಗಿಲು ತೆರೆದಾಗ ನರ್ಸಮ್ಮ ತಲೆಯಾಡಿಸಿದಳು. "ಹೇಳ್ದೆ ಕಣಣ್ಣ. 'ನಾನು ಮುಟ್ಟಿ ನೋಡಿದೀನಿ' ಅಂತಾಳೆ."

ಸಂಜೆಯಾಗುವ ಹೊತ್ತಿಗೆ ಡಾಕ್ಟರಮ್ಮನೇ ಬಂದು, ಹೆರಿಗೆ ಮುಂದುವರಿಯುತ್ತಿಲ್ಲ, ಇನ್ನು ಕಾಯುವುದು ಬೇಡ ಎಂದಳು. ಅಳಿಯ ಸಹಿ ಹಾಕಿದ. ಟೋಪಿಯಣ್ಣ ಮೊದಲಿನ ಹಾಗೆಯೇ ಗೋಡೆಗೆ ಹಣೆ ಒತ್ತಿ ನಿಂತ. ಗೋಡೆ ಬೇರೆ, ಹಣೆ ಅದೇ.

ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ. ಅಳಿಯ ಔಷಧಿ ತರಲು ಕೆಳಗೆ ಓಡಿದ್ದಾಗ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಹೊರಗೆ ತಂದು ತೋರಿಸಿದಳು. ಟೋಪಿಯಣ್ಣ ನೋಡಿದ. ನೋಡಿದ ಕೂಡಲೇ ಅವನ ಕಣ್ಣು ತನ್ನ ಕೆಲಸ ತಾನು ಮಾಡಿ ಮುಗಿಸಿತ್ತು. ಬೇಡವೆಂದರೂ ಕೇಳುವ ಕಣ್ಣಲ್ಲ ಅದು.

"ಮೂವತ್ತನಾಲ್ಕು" ಎಂದ ಮೆಲ್ಲಗೆ.

"ಅರೆ! ಈಗ ತಾನೇ ಟೇಪು ಹಿಡಿದೆ. ಸರಿಯಾಗಿ ಮೂವತ್ತನಾಲ್ಕೇ" ಎಂದು ನರ್ಸಮ್ಮ ಬೆರಗಾದಳು. "ಎಲ್ಲರ ಹಾಗೇ ಇದೆ. ಏನೂ ದೊಡ್ಡದಲ್ಲ."

ಬೀಗದವನಾಗಿದ್ದರೆ ಚಹಾ ಕುಡಿಸುತ್ತಿದ್ದ. ಟೋಪಿಯಣ್ಣ ಬೆಂಚಿನ ಮೇಲೆ ಕೂತ. ಡಾಕ್ಟರಮ್ಮ ಕೈ ಒರೆಸುತ್ತ ಬಂದಾಗ ಎದ್ದು ಕೇಳಿದ: "ಅವಳು ಹೆದರದೇ ಇದ್ದಿದ್ರೆ ತಾನಾಗೇ ಆಗ್ತಿತ್ತಾ ಡಾಕ್ಟ್ರೇ?"

"ಆಗ್ತಿತ್ತೇನೋ, ಆಗ್ತಿರಲಿಲ್ಲವೇನೋ" ಎಂದಳು ಅವಳು. "ಮಗು ಮುಖ ಮೇಲೆ ಮಾಡ್ಕೊಂಡಿತ್ತು. ನಿಮ್ಮ ಮಗಳೂ ಸುಸ್ತಾಗಿದ್ರು, ಹೆದರಿದ್ರು. ಯಾವುದು ಎಷ್ಟು ಅಂತ ನಾನೂ ಹೇಳಲಾರೆ. ತಲೆ ಒಂದರ ಮೇಲೇ ಎಲ್ಲಾ ನಿಂತಿರಲ್ಲ ಅಂತ ಅವತ್ತೇ ಹೇಳಿದ್ನಲ್ಲ."

ತಪ್ಪು ನಿನ್ನದೇ ಎಂದಿದ್ದರೆ ತಲೆ ತಗ್ಗಿಸಿ ಹೊರುತ್ತಿದ್ದ. ನಿನ್ನದಲ್ಲ ಎಂದಿದ್ದರೆ ಇಳಿಸಿಡುತ್ತಿದ್ದ. ಡಾಕ್ಟರಮ್ಮ ಎರಡನ್ನೂ ಹೇಳದೆ ಹೋದಳು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಬೇಕೆಂದು ಹುಡುಕಿದರೂ ಯಾರಿಗೂ ಸಿಗಲಾರದು.

ಮಾರನೆಯ ದಿನ ಮಗಳ ಹಾಸಿಗೆಯ ಬಳಿ ಹೋದಾಗ ಹೆಂಡತಿ ಬಿಸಿನೀರು ತರಲು ಹೋಗಿದ್ದಳು. ಮಗಳ ಮುಖ ಬಿಳುಚಿಕೊಂಡಿತ್ತು. ಪಕ್ಕದ ತೊಟ್ಟಿಲಿನತ್ತ ಕಣ್ಣು ಹೊರಳಿಸಿ ಕೇಳಿದಳು.

"ಎಷ್ಟಪ್ಪ?"

ನರ್ಸಮ್ಮನ ಟೇಪನ್ನು ಅವಳು ಕೇಳಿರಲಿಲ್ಲ. ಅಪ್ಪನ ಕಣ್ಣೊಂದನ್ನೇ ನಂಬಿ ಬೆಳೆದವಳು.

"ಮೂವತ್ತೈದೂವರೆ" ಎಂದ ಟೋಪಿಯಣ್ಣ.

"ಹಾಗಾದ್ರೆ ನನ್ನ ಕೈಲಿ ಆಗ್ತಿರಲಿಲ್ಲ."

"ಯಾರ ಕೈಲೂ ಆಗ್ತಿರಲಿಲ್ಲ ಮಗಳೇ. ನನ್ನಪ್ಪನ ಮನೆ ತಲೆ ಅದು."

ಮಗಳು ಕಣ್ಣು ಮುಚ್ಚಿದಳು. ಬಿಗಿಹಿಡಿದಿದ್ದ ಏನೋ ಅವಳ ಮುಖದಿಂದ ಇಳಿದುಹೋದಂತೆ ಕಂಡಿತು. ಸ್ವಲ್ಪ ಹೊತ್ತಿನ ಮೇಲೆ, "ಟೋಪಿ ತಾ ಮತ್ತೆ. ಹೊಲಿದಿಟ್ಟಿದೀಯಲ್ಲ" ಎಂದಳು.

ಟೋಪಿಯಣ್ಣ ಅಂಗಡಿಗೆ ಹೋಗಿ ಬಾಗಿಲು ಅರ್ಧ ಎಳೆದುಕೊಂಡು ಕೂತ. ಮೂವತ್ತೈದೂವರೆಯ ಅಚ್ಚಿನ ಮೇಲೆ ತಿಳಿಹಳದಿ ಟೋಪಿ ಚೆಂದವಾಗಿ ಕೂತಿತ್ತು. ಹಾಗೇ ಒಯ್ದರೆ ಮಗುವಿನ ಕಣ್ಣಿನವರೆಗೆ ಇಳಿಯುತ್ತದೆ. ಟೋಪಿಯನ್ನು ತೆಗೆದು ಒಳಮಗ್ಗುಲು ತಿರುಗಿಸಿದ. ಹಿಂಭಾಗದ ಹೊಲಿಗೆ ಬಿಚ್ಚಿ, ಒಂದೂವರೆಯಷ್ಟನ್ನು ಒಳಗೆ ಹಿಡಿದು, ಅದೇ ಬಣ್ಣದ ದಾರದಲ್ಲಿ ಕೈಯಿಂದಲೇ ಹೊಲಿದ. ಅಷ್ಟು ಸಣ್ಣ ಹೊಲಿಗೆಯನ್ನು ಅವನು ಯಾರಿಗೂ ಹಾಕಿರಲಿಲ್ಲ. ಹೊರಗಿನಿಂದ ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ಕಣ್ಣು ಮಂಜಾಗಿ ಎರಡು ಸಲ ಸೂಜಿ ಚುಚ್ಚಿಕೊಂಡ.

ಆಸ್ಪತ್ರೆಯಲ್ಲಿ ಮಗಳು ದಿಂಬಿಗೆ ಒರಗಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಟೋಪಿಯನ್ನು ಕೈಗೆ ಕೊಟ್ಟ. ಅವಳು ಅದನ್ನು ಮಗುವಿನ ತಲೆಗೆ ತೊಡಿಸಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು. ಸುತ್ತ ಸರಿಮಾಡಲೆಂದು ಅಂಚಿನೊಳಗೆ ಬೆರಳು ತೂರಿಸಿದಳು. ಬೆರಳು ಹಿಂಭಾಗದ ಹೊಲಿಗೆಗೆ ಬಂದು ನಿಂತಿತು. ಅಲ್ಲೇ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸರಿಯಿತು. ಟೋಪಿಯಣ್ಣ ಕಿಟಕಿಯ ಕಡೆ ತಿರುಗಿದ. ಹೊರಗೆ ಯಾರದೋ ಐವತ್ತಾರು, ಯಾರದೋ ಐವತ್ತೆಂಟು ಹೋಗುತ್ತಿದ್ದವು.

ಮೊಗಸಾಲೆಯಲ್ಲಿ ಹೆಂಡತಿಯ ಚಪ್ಪಲಿಯ ಸದ್ದು ಹತ್ತಿರವಾಗತೊಡಗಿತು. ಮಗಳು ಬೆರಳನ್ನು ಹೊರಗೆಳೆದು, ಟೋಪಿಯ ಅಂಚನ್ನು ಮಗುವಿನ ಕಿವಿಯ ಮೇಲಕ್ಕೆ ಮೆಲ್ಲಗೆ ಎಳೆದಳು.

"ಅಪ್ಪ," ಎಂದಳು ತಗ್ಗಿದ ದನಿಯಲ್ಲಿ, "ಅಮ್ಮ ಕೇಳಿದ್ರೂ ಮೂವತ್ತೈದೂವರೆ ಅಂತಲೇ ಹೇಳು."